ಸ್ಪ್ರಿಂಗ್ ರಿವರ್ಬ್

ಸ್ಪ್ರಿಂಗ್ ರಿವರ್ಬ್ ಎಂಬುದು ಸುರುಳಿ ಸುತ್ತಿದ ಉಕ್ಕಿನ ತಂತಿಯ ನೆರವಿನಿಂದ ಧ್ವನಿಗೆ ಕೃತಕ ಅನುರಣನವನ್ನು ಸೇರಿಸುವ ವಿದ್ಯುತ್-ಯಾಂತ್ರಿಕ ಸಾಧನ. ವಿದ್ಯುತ್ ರೂಪದ ಧ್ವನಿಸಂಕೇತ ಇದರಲ್ಲಿ ಸ್ಪ್ರಿಂಗಿನ ಕಂಪನವಾಗಿ ಮಾರ್ಪಡುತ್ತದೆ. ಆ ಕಂಪನ ಸ್ಪ್ರಿಂಗಿನ ಎರಡು ತುದಿಗಳ ನಡುವೆ ಮತ್ತೆ ಮತ್ತೆ ಹೋಗಿಬಂದು ಕ್ರಮೇಣ ಕ್ಷೀಣಿಸುತ್ತದೆ. ಪ್ರತಿ ಬಾರಿ ದೂರದ ತುದಿಯನ್ನು ತಲುಪಿದಾಗ ಅದರ ಒಂದಂಶ ವಿದ್ಯುತ್ ಸಂಕೇತವಾಗಿ ಹೊರಬಂದು ಮೂಲ ಧ್ವನಿಯೊಂದಿಗೆ ಬೆರೆಯುತ್ತದೆ. ವಿದ್ಯುತ್ ಆರ್ಗನ್, ಗಿಟಾರ್ ಆಂಪ್ಲಿಫೈಯರ್, ಧ್ವನಿಮುದ್ರಣ ಸ್ಟುಡಿಯೊ ಮತ್ತು ಸಿಂಥಸೈಜರ್‌ಗಳಲ್ಲಿ ಇದು ಬಳಕೆಯಾಗಿದೆ.

ಹಿನ್ನೆಲೆ

ಮುಚ್ಚಿದ ಸ್ಥಳದಲ್ಲಿ ಹೊರಟ ಶಬ್ದ ಗೋಡೆ, ಚಾವಣಿ, ನೆಲಗಳಿಗೆ ತಾಗಿ ಮರಳುತ್ತದೆ. ಮರಳಿದ ಶಬ್ದ ಮೂಲದಿಂದ ಬೇರೆಯಾಗಿ ಕೇಳಿಸುವಷ್ಟು ತಡವಾಗಿದ್ದರೆ ಅದು ಪ್ರತಿಧ್ವನಿ. ಅಸಂಖ್ಯ ಪ್ರತಿಫಲನಗಳು ಬಿಡಿಬಿಡಿಯಾಗಿ ಗುರುತಿಸಲಾಗದಂತೆ ಒಂದರ ಮೇಲೊಂದು ಬಿದ್ದು, ಮೂಲ ಶಬ್ದ ನಿಂತ ಮೇಲೂ ಸ್ವಲ್ಪ ಹೊತ್ತು ಉಳಿದರೆ ಅದು ಅನುರಣನ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ವಾಲೆಸ್ ಕ್ಲೆಮೆಂಟ್ ಸಬೈನ್ 1890ರ ದಶಕದ ಕೊನೆಯ ವರ್ಷಗಳಲ್ಲಿ ಕೋಣೆಯ ಗಾತ್ರಕ್ಕೂ ಅದರೊಳಗಿನ ಶಬ್ದ ಹೀರುವ ಮೇಲ್ಮೈಗಳಿಗೂ ಅನುರಣನ ಕಾಲಕ್ಕೂ ಇರುವ ಸಂಬಂಧವನ್ನು ಕಂಡುಹಿಡಿದರು. ಶಬ್ದದ ಮಟ್ಟ 60 ಡೆಸಿಬೆಲ್‌ನಷ್ಟು ಇಳಿಯಲು ಹಿಡಿಯುವ ಸಮಯವೇ ಅನುರಣನ ಕಾಲ. ಸ್ಪ್ರಿಂಗ್ ರಿವರ್ಬಿನ ಕ್ಷೀಣನ ಕಾಲವನ್ನೂ ಇದೇ ಅಳತೆಯಲ್ಲಿ ಹೇಳುತ್ತಾರೆ.

ರೇಡಿಯೊ ಮತ್ತು ಧ್ವನಿಮುದ್ರಣ ಬೆಳೆದ ಕಾಲದಲ್ಲಿ ಸ್ಟುಡಿಯೊಗಳನ್ನು ಶಬ್ದ ಹೀರುವ ಹೊದಿಕೆಗಳಿಂದ ಕಟ್ಟುತ್ತಿದ್ದರು. ಅಲ್ಲಿ ದಾಖಲಾದ ಧ್ವನಿ ಸ್ಪಷ್ಟವಾಗಿದ್ದರೂ ಒಣಗಿದಂತೆ ಕೇಳುತ್ತಿತ್ತು. ಈ ಕೊರತೆ ನೀಗಿಸಲು ಗಟ್ಟಿ ಗೋಡೆಗಳ ಖಾಲಿ ಕೋಣೆಯಲ್ಲಿ ಧ್ವನಿವರ್ಧಕವನ್ನೂ ಮೈಕ್ರೊಫೋನನ್ನೂ ಇಟ್ಟು ಅನುರಣನವನ್ನು ಹಿಡಿಯುವ ಪದ್ಧತಿ ಬಂತು. ಇದನ್ನು ಎಕೊ ಚೇಂಬರ್ ಎನ್ನುತ್ತಾರೆ. ಅದಕ್ಕೆ ಬೇಕಾದ ಸ್ಥಳ ಮತ್ತು ಹಣ ದೊಡ್ಡ ಸಂಸ್ಥೆಗಳಿಗೆ ಮಾತ್ರ ಎಟುಕುವಂಥದು. ಮನೆಯೊಳಗೆ ನುಡಿಸುವ ವಾದ್ಯಕ್ಕೆ ಅದು ಸಾಧ್ಯವೇ ಇರಲಿಲ್ಲ.

ಉಗಮ

ಸ್ಪ್ರಿಂಗಿನಿಂದ ಸಂಕೇತವನ್ನು ತಡಮಾಡುವ ಆಲೋಚನೆ ಸಂಗೀತ ಕ್ಷೇತ್ರದಲ್ಲಿ ಹುಟ್ಟಿದ್ದಲ್ಲ. ದೂರದ ಟೆಲಿಫೋನ್ ಮಾರ್ಗಗಳಲ್ಲಿ ಉಂಟಾಗುವ ವಿಳಂಬವನ್ನು ಪ್ರಯೋಗಾಲಯದಲ್ಲೇ ಅನುಕರಿಸಲು ಅಮೆರಿಕದ ಬೆಲ್ ಪ್ರಯೋಗಾಲಯದ ಎಂಜಿನಿಯರುಗಳು ಸ್ಪ್ರಿಂಗ್‌ಗಳನ್ನು ಬಳಸಿದ್ದರು. ಅದನ್ನು ಸಂಗೀತಕ್ಕೆ ತಂದವರು ಲಾರೆನ್ಸ್ ಹ್ಯಾಮಂಡ್. ಅವರ ಸಂಸ್ಥೆ 1935ರಲ್ಲಿ ವಿದ್ಯುತ್ ಆರ್ಗನ್ನನ್ನು ಮಾರುಕಟ್ಟೆಗೆ ತಂದಿತು. ಚರ್ಚಿನ ಪೈಪ್ ಆರ್ಗನ್ನಿನ ನಾದದಲ್ಲಿ ಕಟ್ಟಡದ ಪಾಲು ದೊಡ್ಡದು. ಎತ್ತರದ ಕಲ್ಲಿನ ಚಾವಣಿ ಸ್ವರಗಳನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ. ರತ್ನಗಂಬಳಿ ಹಾಸಿ ಪರದೆ ಇಳಿಬಿಟ್ಟ ಮನೆಯ ಕೋಣೆಯಲ್ಲಿ ಅದೇ ಸ್ವರಗಳು ಬೆರಳು ಎತ್ತಿದೊಡನೆ ಸತ್ತುಹೋಗುತ್ತಿದ್ದವು. ಹೀಗಾಗಿ ಆರ್ಗನ್ನಿನ ಧ್ವನಿಪೆಟ್ಟಿಗೆಯೊಳಗೇ ಅನುರಣನವನ್ನು ಸೃಷ್ಟಿಸಬೇಕಾಯಿತು.

ಹ್ಯಾಮಂಡ್‌ನ ಮೊದಲ ಘಟಕಗಳು ಒಂದು ಮೀಟರಿಗೂ ಹೆಚ್ಚು ಎತ್ತರವಾಗಿದ್ದವು. ಸ್ಪ್ರಿಂಗ್‌ಗಳು ಎಣ್ಣೆ ತುಂಬಿದ ಕೊಳವೆಗಳಲ್ಲಿ ಇಳಿದಿರುತ್ತಿದ್ದವು. ಎಣ್ಣೆಯ ಪ್ರತಿರೋಧ ಕಂಪನವನ್ನು ಕ್ಷೀಣಗೊಳಿಸುತ್ತಿತ್ತು, ಎಣ್ಣೆಯ ಮಟ್ಟವನ್ನು ಏರಿಳಿಸಿ ಅನುರಣನದ ಅವಧಿಯನ್ನು ಹೊಂದಿಸಬಹುದಿತ್ತು. 1950ರ ದಶಕದಲ್ಲಿ ಇದರ ಬದಲು ಎಣ್ಣೆಯಿಲ್ಲದ, ಸ್ಪ್ರಿಂಗ್‌ಗಳು ಚೌಕಟ್ಟಿನಿಂದ ಇಳಿಬಿದ್ದ ಹಾರದಂತೆ ತೂಗುವ ಘಟಕ ಬಂತು. ಗಾತ್ರ ಕಡಿಮೆಯಾದರೂ ಅಲುಗಾಟವನ್ನು ತಾಳುವ ಗುಣ ಅದಕ್ಕಿರಲಿಲ್ಲ. ನಿಂತಲ್ಲೇ ನಿಲ್ಲುವ ಆರ್ಗನ್ನಿಗೆ ಅದು ಸಾಕಾಗುತ್ತಿತ್ತು, ಊರೂರಿಗೆ ಹೊತ್ತೊಯ್ಯುವ ಆಂಪ್ಲಿಫೈಯರಿಗೆ ಸಲ್ಲುತ್ತಿರಲಿಲ್ಲ.

ನಿರ್ಣಾಯಕ ಬದಲಾವಣೆ ಆದದ್ದು 1960ರ ಆಸುಪಾಸಿನಲ್ಲಿ. ಆಲನ್ ಯಂಗ್ ಸೇರಿದಂತೆ ಹ್ಯಾಮಂಡ್‌ನ ಎಂಜಿನಿಯರುಗಳು ‘ಟೈಪ್ 4’ ಎಂಬ ಚಪ್ಪಟೆ ಘಟಕವನ್ನು ರೂಪಿಸಿದರು. ಯಂಗ್ ಅವರ ವಿನ್ಯಾಸಕ್ಕೆ 1963ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಸುಮಾರು 42 ಸೆಂಟಿಮೀಟರ್ ಉದ್ದದ ಲೋಹದ ತಟ್ಟೆಯೊಳಗೆ ಎಲ್ಲವೂ ಅಡಗುವ ಈ ರಚನೆ ಆ ಮುಂದಿನ ಬಹುಪಾಲು ಸ್ಪ್ರಿಂಗ್ ರಿವರ್ಬ್‌ಗಳಿಗೆ ಮಾದರಿಯಾಯಿತು. ಹ್ಯಾಮಂಡ್ ಬಳಗದ ಈ ತಯಾರಿಕೆ ಮುಂದೆ ಅಕ್ಯುಟ್ರಾನಿಕ್ಸ್ ಎಂಬ ಹೆಸರಿನಲ್ಲಿ ನಡೆಯಿತು.

ರಚನೆ

ಸ್ಪ್ರಿಂಗ್ ರಿವರ್ಬಿನ ಯಾಂತ್ರಿಕ ಭಾಗವನ್ನು ರಿವರ್ಬ್ ಟ್ಯಾಂಕ್ ಎನ್ನುತ್ತಾರೆ. ಇದರಲ್ಲಿ ಒಂದರೊಳಗೊಂದು ಇರುವ ಎರಡು ಲೋಹದ ಚೌಕಟ್ಟುಗಳಿವೆ. ಹೊರಗಿನದು ಉಕ್ಕಿನ ತಟ್ಟೆ, ಇದನ್ನು ಆಂಪ್ಲಿಫೈಯರಿನ ಪೆಟ್ಟಿಗೆಗೆ ತಿರುಪು ಹಾಕಿ ಬಿಗಿಯುತ್ತಾರೆ. ಒಳಗಿನ ಹಗುರ ಚೌಕಟ್ಟು ನಾಲ್ಕು ಮೂಲೆಗಳಲ್ಲಿ ನಾಲ್ಕು ಚಿಕ್ಕ ಸ್ಪ್ರಿಂಗ್‌ಗಳ ಮೇಲೆ ತೂಗುತ್ತಿರುತ್ತದೆ. ಈ ನಾಲ್ಕಕ್ಕೂ ಧ್ವನಿಗೂ ಸಂಬಂಧವಿಲ್ಲ. ಹೊರಗಿನ ಅದುರುವಿಕೆ ಒಳಗೆ ತಲುಪದಂತೆ ತಡೆಯುವುದಷ್ಟೇ ಅವುಗಳ ಕೆಲಸ.

ಧ್ವನಿ ಸಾಗುವ ಸ್ಪ್ರಿಂಗ್‌ಗಳು ಒಳಚೌಕಟ್ಟಿನ ಉದ್ದಕ್ಕೂ ಎಳೆದು ಕಟ್ಟಿರುತ್ತವೆ. ತಂತಿ ಅರ್ಧ ಮಿಲಿಮೀಟರಿಗಿಂತ ತೆಳು, ಸುರುಳಿಯ ವ್ಯಾಸ ಕೆಲವೇ ಮಿಲಿಮೀಟರ್. ಬಿಚ್ಚಿ ನೇರ ಮಾಡಿದರೆ ಒಂದೊಂದು ಸ್ಪ್ರಿಂಗಿನ ತಂತಿಯೂ ಹಲವು ಮೀಟರ್ ಉದ್ದವಾಗುತ್ತದೆ. ಸಾಮಾನ್ಯವಾಗಿ ಪ್ರತಿ ಸ್ಪ್ರಿಂಗೂ ನಡುವೆ ಕೊಂಡಿ ಹಾಕಿ ಜೋಡಿಸಿದ ಎರಡು ತುಂಡುಗಳಿಂದ ಆಗಿದ್ದು, ಒಂದು ತುಂಡು ಬಲಕ್ಕೂ ಇನ್ನೊಂದು ಎಡಕ್ಕೂ ಸುತ್ತಿಕೊಂಡಿರುತ್ತದೆ. ಸ್ಪ್ರಿಂಗನ್ನು ಎಳೆದಾಗ ಅದು ಬಿಚ್ಚಿಕೊಳ್ಳಲು ತಿರುಗುತ್ತದೆ. ವಿರುದ್ಧ ದಿಕ್ಕಿನ ಎರಡು ತುಂಡುಗಳಲ್ಲಿ ಈ ತಿರುಗುವಿಕೆ ಪರಸ್ಪರ ರದ್ದಾಗುತ್ತದೆ. ಹೊರಗಿನಿಂದ ಬಂದ ಕುಲುಕಾಟ ತುದಿಗಳನ್ನು ತಿರುಚುವ ಸಾಧ್ಯತೆ ಇದರಿಂದ ಕಡಿಮೆಯಾಗುತ್ತದೆ.

ಎರಡೂ ತುದಿಗಳಲ್ಲಿ ಟ್ರಾನ್ಸ್‌ಡ್ಯೂಸರ್‌ಗಳಿವೆ. ತೆಳು ಪಟ್ಟಿಗಳನ್ನು ಜೋಡಿಸಿ ಮಾಡಿದ ಕಬ್ಬಿಣದ ತಿರುಳು, ಅದರ ಮೇಲೆ ತಾಮ್ರದ ಸುತ್ತು, ತಿರುಳಿನ ಸೀಳಿನಲ್ಲಿ ಪುಟ್ಟ ಕೊಳವೆಯಾಕಾರದ ಫೆರೈಟ್ ಕಾಂತ, ಇಷ್ಟೇ ಅದರ ಸಾಮಗ್ರಿ. ಕಾಂತವನ್ನು ಸ್ಪ್ರಿಂಗಿನ ತುದಿಯ ತಂತಿಗೆ ಅಂಟಿಸಿರುತ್ತಾರೆ. ಎರಡೂ ತುದಿಗಳ ರಚನೆ ಒಂದೇ, ಕೆಲಸ ಮಾತ್ರ ವಿರುದ್ಧ. ಒಂದು ವಿದ್ಯುತ್ತನ್ನು ಚಲನೆಯಾಗಿಸಿದರೆ ಇನ್ನೊಂದು ಚಲನೆಯನ್ನು ವಿದ್ಯುತ್ತಾಗಿಸುತ್ತದೆ.

ಧ್ವನಿ ಹುಟ್ಟುವ ಬಗೆ

ಗಿಟಾರಿನ ಅಥವಾ ಆರ್ಗನ್ನಿನ ಸಂಕೇತ ಒಳಬರುವ ತುದಿಯ ತಾಮ್ರದ ಸುತ್ತಿನಲ್ಲಿ ಪರ್ಯಾಯ ವಿದ್ಯುತ್ತಾಗಿ ಹರಿದಾಗ ತಿರುಳಿನ ಸೀಳಿನಲ್ಲಿ ಕಾಂತಕ್ಷೇತ್ರ ದಿಕ್ಕು ಬದಲಿಸುತ್ತಾ ಹೋಗುತ್ತದೆ. ಅದರಲ್ಲಿರುವ ಪುಟ್ಟ ಕಾಂತ ಆ ಕ್ಷೇತ್ರವನ್ನು ಅನುಸರಿಸಿ ತನ್ನ ಅಕ್ಷದ ಮೇಲೆ ಅತ್ತಿತ್ತ ತಿರುಗುತ್ತದೆ. ಹೀಗೆ ಸ್ಪ್ರಿಂಗಿನ ತುದಿಗೆ ಸಿಗುವುದು ಎಳೆತವೂ ಅಲ್ಲ, ತಳ್ಳಾಟವೂ ಅಲ್ಲ, ತಿರುಚು. ಹೊರಗಿನ ಗುದ್ದುಗಳು ಹೆಚ್ಚಾಗಿ ಸ್ಪ್ರಿಂಗನ್ನು ಉದ್ದಕ್ಕೋ ಅಡ್ಡಕ್ಕೋ ಅಲುಗಿಸುವುದರಿಂದ, ತಿರುಚನ್ನು ಮಾತ್ರ ಗ್ರಹಿಸುವ ಕಾಂತ ಅವುಗಳನ್ನು ಬಹುಪಾಲು ಲೆಕ್ಕಿಸುವುದಿಲ್ಲ. ಟೈಪ್ 4 ಘಟಕವನ್ನು ಹೊತ್ತೊಯ್ಯಲು ಸಾಧ್ಯವಾಗಿಸಿದ ಕಾರಣಗಳಲ್ಲಿ ಇದೂ ಒಂದು.

ತಿರುಚಿನ ತರಂಗ ಸುರುಳಿಯ ಸುತ್ತುಗಳನ್ನು ದಾಟುತ್ತಾ ಮುಂದೆ ಸಾಗುತ್ತದೆ. ನೇರವಾದ ಉಕ್ಕಿನ ಸರಳಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 5000 ಮೀಟರ್. ಅಷ್ಟು ವೇಗದಲ್ಲಿ ಮೊಳದುದ್ದದ ಲೋಹ ಯಾವ ವಿಳಂಬವನ್ನೂ ಕೊಡಲಾರದು. ಸುರುಳಿಯಲ್ಲಿ ಪರಿಸ್ಥಿತಿ ಬೇರೆ. ಒಂದೆಡೆ ತರಂಗ ಸುತ್ತಿಕೊಂಡ ತಂತಿಯ ಪೂರ್ತಿ ಉದ್ದವನ್ನು ಕ್ರಮಿಸಬೇಕು. ಇನ್ನೊಂದೆಡೆ, ತೆಳು ತಂತಿ ಸುಲಭವಾಗಿ ಬಾಗುವುದರಿಂದ ತಂತಿಯೊಳಗೂ ತರಂಗದ ವೇಗ ಬಹಳ ತಗ್ಗುತ್ತದೆ. ಎರಡೂ ಸೇರಿ, ಒಂದು ತುದಿಯಿಂದ ಇನ್ನೊಂದಕ್ಕೆ ತಲುಪಲು ಟೈಪ್ 4 ಟ್ಯಾಂಕಿನ ಒಂದು ಸ್ಪ್ರಿಂಗಿನಲ್ಲಿ ಸುಮಾರು 33 ಮಿಲಿಸೆಕೆಂಡ್, ಇನ್ನೊಂದರಲ್ಲಿ ಸುಮಾರು 41 ಮಿಲಿಸೆಕೆಂಡ್ ಬೇಕಾಗುತ್ತದೆ. 33 ಮಿಲಿಸೆಕೆಂಡಿನಲ್ಲಿ ಗಾಳಿಯಲ್ಲಿ ಶಬ್ದ 11 ಮೀಟರ್ ಸಾಗಬಲ್ಲದು. ಒಂದು ಸಭಾಂಗಣದ ಅಗಲವನ್ನು ಸ್ಪ್ರಿಂಗ್ ಹೀಗೆ ತಟ್ಟೆಯೊಳಕ್ಕೆ ಮಡಚಿಡುತ್ತದೆ. ತಂತಿ ತೆಳುವಾದಷ್ಟೂ, ಸುರುಳಿ ಅಗಲವಾದಷ್ಟೂ, ಸುತ್ತುಗಳು ಹೆಚ್ಚಿದಷ್ಟೂ ವಿಳಂಬ ಹೆಚ್ಚು.

ದೂರದ ತುದಿಯಲ್ಲಿ ತರಂಗ ಅಲ್ಲಿನ ಕಾಂತವನ್ನು ತಿರುಗಿಸುತ್ತದೆ. ಅದರ ಕ್ಷೇತ್ರದ ಬದಲಾವಣೆ ತಾಮ್ರದ ಸುತ್ತಿನಲ್ಲಿ ಕೆಲವೇ ಮಿಲಿವೋಲ್ಟ್‌ನ ವಿದ್ಯುತ್ತನ್ನು ಪ್ರೇರಿಸುತ್ತದೆ. ಇದು ಮೊದಲ ಪ್ರತಿಧ್ವನಿ. ತರಂಗದ ಶಕ್ತಿಯಲ್ಲಿ ಅಲ್ಲಿ ವ್ಯಯವಾಗುವುದು ಅಲ್ಪ. ಉಳಿದದ್ದು ಪ್ರತಿಫಲನಗೊಂಡು ಹಿಂದಕ್ಕೆ ಹೋಗಿ, ಮೊದಲ ತುದಿಯಲ್ಲಿ ಮತ್ತೆ ತಿರುಗಿ ಬರುತ್ತದೆ. ಆದ್ದರಿಂದ ಏಕಮುಖ ವಿಳಂಬ 33 ಮಿಲಿಸೆಕೆಂಡ್ ಇರುವ ಸ್ಪ್ರಿಂಗಿನಲ್ಲಿ ಪ್ರತಿಧ್ವನಿಗಳು 33, 99, 165 ಮಿಲಿಸೆಕೆಂಡ್ ಹೀಗೆ ಏಕಮುಖ ವಿಳಂಬದ ಬೆಸ ಗುಣಕಗಳಲ್ಲಿ ಹೊರಬೀಳುತ್ತವೆ. ಪ್ರತಿ ಸುತ್ತಿನಲ್ಲಿ ಲೋಹದ ಆಂತರಿಕ ಘರ್ಷಣೆ ಮತ್ತು ತುದಿಗಳ ಬಿಗಿತ ಒಂದಿಷ್ಟು ಶಕ್ತಿಯನ್ನು ನುಂಗುತ್ತವೆ. ಆ ನಷ್ಟದ ಪ್ರಮಾಣವೇ ಅನುರಣನ ಎಷ್ಟು ಹೊತ್ತು ಉಳಿಯಬೇಕೆಂಬುದನ್ನು ನಿರ್ಧರಿಸುತ್ತದೆ.

ಒಂದೇ ಸ್ಪ್ರಿಂಗ್ ಇದ್ದರೆ ಈ ಪ್ರತಿಧ್ವನಿಗಳು ಸಮಾನ ಅಂತರದಲ್ಲಿ ಬಂದು ತಾಳ ಹಾಕಿದಂತೆ ಕೇಳಿಸುತ್ತವೆ. ಜೊತೆಗೆ ಕೆಲವು ಆವೃತ್ತಿಗಳು ಉಬ್ಬಿ ಕೆಲವು ಕುಗ್ಗುತ್ತವೆ. ವಿಳಂಬದಲ್ಲಿ ಸರಳ ಅನುಪಾತವಿಲ್ಲದ ಎರಡು ಅಥವಾ ಮೂರು ಸ್ಪ್ರಿಂಗ್‌ಗಳನ್ನು ಒಟ್ಟಿಗೆ ಬಳಸುವುದು ಇದಕ್ಕಾಗಿಯೇ. ಒಂದರ ಎರಡು ಪ್ರತಿಧ್ವನಿಗಳ ನಡುವಿನ ತೆರಪನ್ನು ಇನ್ನೊಂದರ ಪ್ರತಿಧ್ವನಿ ತುಂಬುತ್ತದೆ. ಮೂರು ಸ್ಪ್ರಿಂಗ್‌ಗಳ ಟೈಪ್ 9 ಟ್ಯಾಂಕಿನಲ್ಲಿ ಮೇಲಿನ ಎರಡು ವಿಳಂಬಗಳ ನಡುವೆ 37 ಮಿಲಿಸೆಕೆಂಡಿನ ಮೂರನೆಯದು ಸೇರುತ್ತದೆ.

ಡಿಸ್ಪರ್ಷನ್ ಮತ್ತು ವಿಶಿಷ್ಟ ನಾದ

ಬರೀ ವಿಳಂಬ ಮತ್ತು ಪ್ರತಿಫಲನಗಳಷ್ಟೇ ಇದ್ದಿದ್ದರೆ ಸ್ಪ್ರಿಂಗ್ ರಿವರ್ಬ್ ಸಾಧಾರಣ ಪ್ರತಿಧ್ವನಿ ಯಂತ್ರದಂತೆ ಕೇಳುತ್ತಿತ್ತು. ಅದರ ಗುರುತಾದ ‘ಬೊಯಿಂಗ್’ ಎಂಬ ಪುಟಿತ, ತೊಟ್ಟಿಕ್ಕುವಂಥ ಲೋಹದ ನಾದ ಬರುವುದು ಡಿಸ್ಪರ್ಷನ್‌ನಿಂದ. ತರಂಗದ ವೇಗ ಅದರ ಆವೃತ್ತಿಯನ್ನು ಅವಲಂಬಿಸಿ ಬದಲಾಗುವುದಕ್ಕೆ ಭೌತವಿಜ್ಞಾನದಲ್ಲಿ ಈ ಹೆಸರಿದೆ. ಗಾಳಿಯಲ್ಲಿ ತಗ್ಗುಸ್ವರವೂ ಏರುಸ್ವರವೂ ಒಂದೇ ವೇಗದಲ್ಲಿ ಸಾಗುತ್ತವೆ. ಸ್ಪ್ರಿಂಗಿನಲ್ಲಿ ಹಾಗಾಗುವುದಿಲ್ಲ.

ಬಾಗಿದ ತಂತಿಯಲ್ಲಿ ಬಾಗುವಿಕೆ, ತಿರುಚು, ಹಿಗ್ಗುವಿಕೆಗಳು ಪ್ರತ್ಯೇಕವಾಗಿ ಇರಲಾರವು. ಒಂದು ಇನ್ನೊಂದನ್ನು ಎಳೆದು ತರುತ್ತದೆ. ತಗ್ಗು ಆವೃತ್ತಿಗಳಲ್ಲಿ ತರಂಗಾಂತರ ಹಲವು ಸುತ್ತುಗಳಷ್ಟು ಉದ್ದವಾಗಿರುವುದರಿಂದ ಸ್ಪ್ರಿಂಗ್ ಒಂದೇ ಮೆದು ಸರಳಿನಂತೆ ವರ್ತಿಸುತ್ತದೆ, ಅಲ್ಲಿನ ಸ್ವರಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ತಲುಪುತ್ತವೆ. ಆವೃತ್ತಿ ಏರಿ ತರಂಗಾಂತರ ಒಂದು ಸುತ್ತಿನ ಅಳತೆಗೆ ಸಮೀಪಿಸಿದಂತೆ ಶಕ್ತಿ ಸಾಗುವ ವೇಗ ಕುಸಿಯುತ್ತದೆ. ಸಂಕ್ರಮಣ ಆವೃತ್ತಿ ಎಂದು ಕರೆಯಲಾಗುವ ಮಿತಿಯ ಹತ್ತಿರ ವಿಳಂಬ ಅತ್ಯಧಿಕ. ಗಿಟಾರ್ ಆಂಪ್ಲಿಫೈಯರಿನ ಟ್ಯಾಂಕ್‌ಗಳಲ್ಲಿ ಈ ಮಿತಿ ಕೆಲವು ಸಾವಿರ ಹರ್ಟ್ಸ್‌ಗಳಷ್ಟಿರುತ್ತದೆ. ತಂತಿ ದಪ್ಪವಾಗಿ ಸುರುಳಿ ಕಿರಿದಾದರೆ ಅದು ಮೇಲೇರುತ್ತದೆ. ಮಿತಿಯನ್ನು ದಾಟಿದ ಆವೃತ್ತಿಗಳಿಗೆ ಸುರುಳಿಯ ಆಕಾರ ಗೌಣವಾಗಿ, ತಂತಿ ನೇರ ಸರಳಿನಂತೆ ಬಾಗತೊಡಗುತ್ತದೆ, ಅಲ್ಲಿ ಹೆಚ್ಚಿನ ಆವೃತ್ತಿಯೇ ಮುಂದೆ ಓಡುತ್ತದೆ. ಆದರೆ ಆ ಭಾಗದ ಸಂಕೇತ ದುರ್ಬಲವಾದ್ದರಿಂದ ಕೇಳುವ ನಾದದಲ್ಲಿ ಅದರ ಪಾಲು ಚಿಕ್ಕದು.

ಪರಿಣಾಮವಾಗಿ, ಚಪ್ಪಾಳೆಯಂಥ ಚುಟುಕು ಶಬ್ದವನ್ನು ಒಳಗೆ ಕೊಟ್ಟರೆ ಹೊರಬರುವುದು ಚಪ್ಪಾಳೆಯಲ್ಲ. ಅದರ ತಗ್ಗು ಅಂಶ ಮೊದಲು, ಏರು ಅಂಶಗಳು ಒಂದರ ಹಿಂದೊಂದು ಬಂದು, ಕೆಳಗಿನಿಂದ ಮೇಲಕ್ಕೆ ಜಾರುವ ಒಂದು ಕಿರುಸ್ವರವಾಗುತ್ತದೆ. ಓಟದ ಆರಂಭದಲ್ಲಿ ಸಾಲಾಗಿ ನಿಂತವರು ದೂರ ಹೆಚ್ಚಿದಂತೆ ಒಬ್ಬರಿಂದೊಬ್ಬರು ಅಗಲುವ ಹಾಗೆ, ಪ್ರತಿ ಸುತ್ತಿನೊಂದಿಗೆ ಈ ಚದುರುವಿಕೆ ಹೆಚ್ಚುತ್ತದೆ. ಎರಡನೆಯ ಪ್ರತಿಧ್ವನಿ ಮೂರು ಬಾರಿ, ಮೂರನೆಯದು ಐದು ಬಾರಿ ಸ್ಪ್ರಿಂಗನ್ನು ದಾಟಿ ಬಂದಿರುತ್ತದೆ. ಹಾಗಾಗಿ ಮೊದಲ ಕಿರುಸ್ವರ ಚುರುಕಾಗಿದ್ದರೆ ನಂತರದವು ಉದ್ದವಾಗಿ ಎಳೆದುಕೊಂಡು, ಕಡೆಗೆ ಒಂದರೊಳಗೊಂದು ಕರಗಿ ನಿರಂತರ ಝೇಂಕಾರವಾಗುತ್ತವೆ.

ಕೋಣೆಯ ಅನುರಣನಕ್ಕೂ ಸ್ಪ್ರಿಂಗಿನದಕ್ಕೂ ಇರುವ ಮೂಲಭೂತ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ. ಮೂರು ಆಯಾಮಗಳ ಕೋಣೆಯಲ್ಲಿ ಪ್ರತಿ ಸೆಕೆಂಡಿಗೆ ಬರುವ ಪ್ರತಿಫಲನಗಳ ಸಂಖ್ಯೆ ಸಮಯದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ, ಕ್ಷಣಾರ್ಧದಲ್ಲಿ ಅವು ದಟ್ಟೈಸಿ ನುಣುಪಾಗುತ್ತವೆ. ಸ್ಪ್ರಿಂಗ್ ಒಂದೇ ಆಯಾಮದ ದಾರಿ. ಅಲ್ಲಿ ಪ್ರತಿಧ್ವನಿಗಳ ಸಂಖ್ಯೆ ಬೆಳೆಯುವುದಿಲ್ಲ, ಬೆಳೆಯುವುದು ಒಂದೊಂದರ ಅಗಲ. ಹೀಗಾಗಿ ಕೋಣೆಯ ತದ್ರೂಪನ್ನು ಸ್ಪ್ರಿಂಗ್ ಎಂದೂ ಕೊಡದು. ಅದರ ನಾದ ಸ್ವತಂತ್ರವಾದದ್ದು, ಸಂಗೀತಗಾರರು ಅದನ್ನು ಬಯಸಿದ್ದೂ ಆ ಕಾರಣಕ್ಕೇ.

ವಿದ್ಯುನ್ಮಂಡಲ

ಟ್ಯಾಂಕಿನ ಹಿಂದೆ ಮತ್ತು ಮುಂದೆ ಒಂದೊಂದು ವರ್ಧಕ ಬೇಕು. ಒಳತುದಿಯ ತಾಮ್ರದ ಸುತ್ತಿನ ಇಂಪೀಡೆನ್ಸ್, ಅಂದರೆ ಪರ್ಯಾಯ ವಿದ್ಯುತ್ತಿಗೆ ಅದು ಒಡ್ಡುವ ತಡೆ, ಆವೃತ್ತಿಯೊಂದಿಗೆ ಏರುವುದರಿಂದ, ಸ್ಥಿರ ವೋಲ್ಟೇಜ್ ಕೊಟ್ಟರೆ ಏರುಸ್ವರಗಳು ಮಂಕಾಗುತ್ತವೆ. ಆದ್ದರಿಂದ ಚಾಲಕ ವರ್ಧಕವನ್ನು ಸ್ಥಿರ ವಿದ್ಯುತ್ ಪ್ರವಾಹ ಒದಗಿಸುವಂತೆ ವಿನ್ಯಾಸ ಮಾಡುವುದು ರೂಢಿ. ಫೆಂಡರ್ ಸಂಸ್ಥೆಯ 1960ರ ದಶಕದ ಗಿಟಾರ್ ಆಂಪ್ಲಿಫೈಯರುಗಳಲ್ಲಿ ಒಂದು 12ಎಟಿ7 ನಿರ್ವಾತ ಕೊಳವೆಯ ಎರಡೂ ಭಾಗಗಳನ್ನು ಸಮಾಂತರವಾಗಿ ಜೋಡಿಸಿ, ಚಿಕ್ಕ ಟ್ರಾನ್ಸ್‌ಫಾರ್ಮರಿನ ಮೂಲಕ 8 ಓಮ್ ಟ್ಯಾಂಕನ್ನು ನಡೆಸುತ್ತಿದ್ದರು. ಹೊರಬರುವ ಕ್ಷೀಣ ಸಂಕೇತವನ್ನು ಇನ್ನೊಂದು ವರ್ಧಕ ಎತ್ತಿ, ಗುಬುಟಿನಿಂದ ನಿಯಂತ್ರಿಸಿದಷ್ಟು ಪ್ರಮಾಣದಲ್ಲಿ ಮೂಲ ಧ್ವನಿಗೆ ಬೆರೆಸುತ್ತದೆ. ತಗ್ಗುಸ್ವರಗಳು ಸ್ಪ್ರಿಂಗನ್ನು ಅತಿಯಾಗಿ ಅಲುಗಿಸಿ ನಾದವನ್ನು ಕಲಕುವುದರಿಂದ, ಟ್ಯಾಂಕಿಗೆ ಕಳಿಸುವ ಮುನ್ನವೇ ಅವುಗಳನ್ನು ಸೋಸುತ್ತಾರೆ.

ಹೊರತುದಿಯ ಸುತ್ತು ಹತ್ತಿರದ ಪವರ್ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವನ್ನೂ ಹಿಡಿದು ಗುಂಯ್‌ಗುಡುತ್ತದೆ. ಟ್ಯಾಂಕನ್ನು ಅಳವಡಿಸುವಾಗ ಆ ತುದಿಯನ್ನು ಟ್ರಾನ್ಸ್‌ಫಾರ್ಮರಿನಿಂದ ದೂರ ಇಡುವುದು ಅಗತ್ಯ. ಇನ್ನೊಂದು ತೊಂದರೆ, ಜೋರಾಗಿ ನುಡಿಸಿದಾಗ ಅದೇ ಪೆಟ್ಟಿಗೆಯ ಧ್ವನಿವರ್ಧಕ ಸ್ಪ್ರಿಂಗನ್ನು ಕಂಪಿಸುವಂತೆ ಮಾಡಿ ಊಳಿಡುವಿಕೆಗೆ ಕಾರಣವಾಗುವುದು. ಟ್ಯಾಂಕನ್ನು ಮೆತ್ತನೆಯ ಚೀಲದಲ್ಲಿಟ್ಟು ಪೆಟ್ಟಿಗೆಯ ತಳದಲ್ಲಿ ಕೂರಿಸಿದರೆ ಇದು ತಗ್ಗುತ್ತದೆ.

ಬಗೆಗಳು

ಆಂಪ್ಲಿಫೈಯರಿನ ಟ್ಯಾಂಕ್‌ಗಳು ಉದ್ದದಲ್ಲಿ ಎರಡು ಅಳತೆಯವು. ಉದ್ದನೆಯದು ಸುಮಾರು 42 ಸೆಂಟಿಮೀಟರ್, ಗಿಡ್ಡನೆಯದು ಸುಮಾರು 23 ಸೆಂಟಿಮೀಟರ್. ಕ್ಷೀಣನ ಕಾಲ ಗಿಡ್ಡ, ಮಧ್ಯಮ, ದೀರ್ಘ ಎಂದು ಮೂರು ಬಗೆ, ದೀರ್ಘವಾದದ್ದು 4 ಸೆಕೆಂಡಿನವರೆಗೂ ಹೋಗುತ್ತದೆ. ಈ ವಿವರಗಳನ್ನೆಲ್ಲ ಅಕ್ಯುಟ್ರಾನಿಕ್ಸ್ ಒಂದು ಸಂಕೇತಕ್ಕೆ ಇಳಿಸಿತು. ಫೆಂಡರ್ ಆಂಪ್ಲಿಫೈಯರುಗಳಲ್ಲಿ ಬಳಕೆಯಾಗುವ ‘4ಎಬಿ3ಸಿ1ಬಿ’ ಇದಕ್ಕೆ ಉದಾಹರಣೆ. 4 ಎಂಬುದು ಟ್ಯಾಂಕಿನ ಬಗೆ, ‘ಎ’ 8 ಓಮ್ ಒಳ ಇಂಪೀಡೆನ್ಸ್, ‘ಬಿ’ 2250 ಓಮ್ ಹೊರ ಇಂಪೀಡೆನ್ಸ್, 3 ದೀರ್ಘ ಕ್ಷೀಣನ. ಉಳಿದ ಮೂರು ಗುರುತುಗಳು ಭೂಸಂಪರ್ಕ, ಬೀಗ ಮತ್ತು ಅಳವಡಿಸುವ ಭಂಗಿಯನ್ನು ಹೇಳುತ್ತವೆ. ಭಂಗಿಯೂ ಮುಖ್ಯ. ಅಡ್ಡಲಾಗಿ ಮಲಗಿಸಲು ಹೊಂದಿಸಿದ ಟ್ಯಾಂಕನ್ನು ನೆಟ್ಟಗೆ ನಿಲ್ಲಿಸಿದರೆ ಸ್ಪ್ರಿಂಗ್ ಜೋತು ಕಾಂತಗಳು ಸೀಳಿನ ನಡುಭಾಗದಿಂದ ಸರಿಯಬಹುದು.

ಸ್ಪ್ರಿಂಗನ್ನು ನೇರವಾಗಿ ಎಳೆಯದೆ ಇಂಗ್ಲಿಷಿನ ಝಡ್ ಅಕ್ಷರದಂತೆ ಮಡಚಿ ಕಟ್ಟಿದ ಟ್ಯಾಂಕ್‌ಗಳೂ ಇದ್ದವು. ಸ್ಟುಡಿಯೊ ದರ್ಜೆಯಲ್ಲಿ ಆಸ್ಟ್ರಿಯದ ಎಕೆಜಿ ಸಂಸ್ಥೆಯ ಬಿಎಕ್ಸ್20 ಹೆಸರುವಾಸಿ. ಎತ್ತರದ ಬೀರುವಿನಂಥ ಪೆಟ್ಟಿಗೆಯಲ್ಲಿ ಎರಡು ಸ್ವತಂತ್ರ ವಾಹಿನಿಗಳಿದ್ದ ಈ ಘಟಕದಲ್ಲಿ, ಸುರುಳಿಯ ಗುಣ ಉದ್ದಕ್ಕೂ ಅಲ್ಲಲ್ಲಿ ಬೇಕೆಂದೇ ಬದಲಾಗುವಂತೆ ಮಾಡಲಾಗಿತ್ತು. ತರಂಗ ತುದಿಗಳಲ್ಲಿ ಮಾತ್ರವಲ್ಲದೆ ದಾರಿಯುದ್ದಕ್ಕೂ ಪ್ರತಿಫಲಿಸುವುದರಿಂದ ಪುಟಿತ ಅಡಗಿ ನುಣುಪಾದ ಅನುರಣನ ದೊರೆಯುತ್ತಿತ್ತು.

ಬಳಕೆ

ಗಿಟಾರಿನೊಂದಿಗೆ ಸ್ಪ್ರಿಂಗ್ ರಿವರ್ಬಿನ ನಂಟು ಗಟ್ಟಿಯಾದದ್ದು 1960ರ ದಶಕದ ಆರಂಭದಲ್ಲಿ. ಆಂಪೆಗ್ ಸಂಸ್ಥೆ ರಿವರ್ಬರಾಕೆಟ್ ಎಂಬ ಆಂಪ್ಲಿಫೈಯರನ್ನು ತಂದಿತು. ಫೆಂಡರ್ 1961ರಲ್ಲಿ ಪ್ರತ್ಯೇಕ ರಿವರ್ಬ್ ಪೆಟ್ಟಿಗೆಯನ್ನೂ 1963ರಲ್ಲಿ ರಿವರ್ಬನ್ನು ಒಳಗೇ ಅಳವಡಿಸಿದ ವೈಬ್ರೊವರ್ಬ್ ಆಂಪ್ಲಿಫೈಯರನ್ನೂ ಹೊರತಂದಿತು. ಪ್ರತ್ಯೇಕ ಪೆಟ್ಟಿಗೆಯಲ್ಲಿದ್ದ ‘ಡ್ವೆಲ್’ ನಿಯಂತ್ರಣ ಸ್ಪ್ರಿಂಗನ್ನು ಎಷ್ಟು ಬಲವಾಗಿ ತಿರುಚಬೇಕೆಂಬುದನ್ನು ಬದಲಿಸುತ್ತಿತ್ತು. ದಕ್ಷಿಣ ಕ್ಯಾಲಿಫೋರ್ನಿಯದ ಸರ್ಫ್ ಸಂಗೀತ ಸ್ಪ್ರಿಂಗ್ ರಿವರ್ಬನ್ನು ತನ್ನ ಚಹರೆಯಾಗಿಸಿಕೊಂಡಿತು. ತಂತಿಯನ್ನು ಅಂಗೈಯಿಂದ ಒತ್ತಿ ಚುಟುಕಾಗಿ ಮೀಟಿದ ಪ್ರತಿ ಸ್ವರವೂ ಡಿಸ್ಪರ್ಷನ್‌ನ ಕಿರುಸ್ವರವನ್ನು ಎಬ್ಬಿಸುತ್ತದೆ. ಆ ಶೈಲಿಯಲ್ಲಿ ಕೇಳುವ ‘ಹನಿ ತೊಟ್ಟಿಕ್ಕುವ’ ನಾದ ಇದೇ.

ಜಮೈಕದ ಕಿಂಗ್‌ಸ್ಟನ್‌ನಲ್ಲಿ 1970ರ ದಶಕದಲ್ಲಿ ಬೆಳೆದ ಡಬ್ ಸಂಗೀತದಲ್ಲಿ ಅನುರಣನ ಅಲಂಕಾರವಾಗಿ ಉಳಿಯದೆ ಸಂಯೋಜನೆಯ ಭಾಗವಾಯಿತು. ಕಿಂಗ್ ಟಬಿ ಎಂದೇ ಹೆಸರಾದ ಓಸ್‌ಬೋರ್ನ್ ರಡಕ್ ಮಿಶ್ರಣದ ನಡುವೆ ಒಂದೇ ಡ್ರಮ್ ಹೊಡೆತವನ್ನೋ ಹಾಡಿನ ತುಣುಕನ್ನೋ ಸ್ಪ್ರಿಂಗಿಗೆ ಎಸೆದು, ಉಳಿದ ವಾದ್ಯಗಳನ್ನು ತಟ್ಟನೆ ಮೌನಗೊಳಿಸುತ್ತಿದ್ದರು. ಟ್ಯಾಂಕಿಗೇ ಗುದ್ದಿ ಸ್ಪ್ರಿಂಗ್‌ಗಳು ಒಂದಕ್ಕೊಂದು ಬಡಿದಾಗ ಹೊಮ್ಮುವ ಗುಡುಗಿನಂಥ ಸದ್ದನ್ನೂ ಸಂಗೀತವಾಗಿ ಬಳಸಿದರು. ಲಂಡನ್ನಿನ ಇಎಂಎಸ್ ಸಂಸ್ಥೆಯ ವಿಸಿಎಸ್3 (1969), ಅಮೆರಿಕದ ಎಆರ್‌ಪಿ 2600 (1971) ಸಿಂಥಸೈಜರ್‌ಗಳಲ್ಲೂ, ರೋಲ್ಯಾಂಡ್‌ನ ಆರ್‌ಇ-201 (1974) ಟೇಪ್ ಎಕೊ ಯಂತ್ರದಲ್ಲೂ ಸ್ಪ್ರಿಂಗ್ ರಿವರ್ಬ್ ಅಡಕವಾಗಿತ್ತು.

ಇತರ ವಿಧಾನಗಳು

ಜರ್ಮನಿಯ ಇಎಂಟಿ ಸಂಸ್ಥೆ 1957ರಲ್ಲಿ ತಂದ ಇಎಂಟಿ 140 ಪ್ಲೇಟ್ ರಿವರ್ಬ್‌ನಲ್ಲಿ ಚೌಕಟ್ಟಿಗೆ ಬಿಗಿದ ದೊಡ್ಡ ಉಕ್ಕಿನ ಹಾಳೆ ಕಂಪಿಸುತ್ತದೆ. ಎರಡು ಆಯಾಮಗಳ ಹಾಳೆಯಲ್ಲಿ ಪ್ರತಿಫಲನಗಳು ಬೇಗ ದಟ್ಟವಾಗುವುದರಿಂದ ಸ್ಟುಡಿಯೊಗಳು ಅದನ್ನು ಮೆಚ್ಚಿದವು, ಆದರೆ ಅದರ ತೂಕ 200 ಕಿಲೊಗ್ರಾಮಿಗೂ ಹೆಚ್ಚು. ಅದೇ ಸಂಸ್ಥೆಯ ಇಎಂಟಿ 250 (1976) ಮತ್ತು ಲೆಕ್ಸಿಕಾನ್ 224 (1978) ಡಿಜಿಟಲ್ ಅನುರಣನವನ್ನು ಸ್ಟುಡಿಯೊಗೆ ತಂದ ಮೇಲೆ ಯಾಂತ್ರಿಕ ಸಾಧನಗಳು ಅಲ್ಲಿಂದ ಹಿಂದೆ ಸರಿದವು.

ಇಂದಿನ ಸ್ಥಿತಿ

ಡಿಜಿಟಲ್ ಯುಗದಲ್ಲಿ ಸ್ಪ್ರಿಂಗ್ ರಿವರ್ಬೇ ಅನುಕರಣೆಯ ವಸ್ತುವಾಯಿತು. ಸಂಶೋಧಕ ಜೊನಾಥನ್ ಏಬಲ್ ಮತ್ತು ಸಂಗಡಿಗರು 2006ರಲ್ಲಿ, ಆವೃತ್ತಿಗಳ ಮಟ್ಟವನ್ನು ಬದಲಿಸದೆ ವಿಳಂಬವನ್ನಷ್ಟೇ ಬದಲಿಸುವ ಆಲ್‌ಪಾಸ್ ಫಿಲ್ಟರುಗಳ ಸರಣಿಯಿಂದ ಡಿಸ್ಪರ್ಷನ್ನನ್ನು ಗಣಿಸುವ ವಿಧಾನವನ್ನು ಮಂಡಿಸಿದರು. ಸ್ಟೆಫಾನ್ ಬಿಲ್ಬಾವ್ ಮತ್ತು ಜೂಲಿಯನ್ ಪಾರ್ಕರ್ 2010ರಲ್ಲಿ ಸುರುಳಿಯ ಚಲನೆಯ ಸಮೀಕರಣಗಳನ್ನೇ ಕಂಪ್ಯೂಟರಿನಲ್ಲಿ ಹಂತಹಂತವಾಗಿ ಬಿಡಿಸುವ ಮಾದರಿಯನ್ನು ಪ್ರಕಟಿಸಿದರು. ನಿಜವಾದ ಟ್ಯಾಂಕಿನ ಪ್ರತಿಕ್ರಿಯೆಯನ್ನು ದಾಖಲಿಸಿ ಯಾವುದೇ ಧ್ವನಿಗೆ ಅನ್ವಯಿಸುವ ಕನ್ವಲ್ಯೂಷನ್ ವಿಧಾನವೂ ಬಳಕೆಯಲ್ಲಿದೆ. ಸ್ಪ್ರಿಂಗ್‌ಗಳು ತಟ್ಟೆಗೆ ಬಡಿದಾಗಿನ ಸದ್ದು, ತಿರುಳಿನ ಕಾಂತತ್ವ ಗರಿಷ್ಠ ಮಿತಿ ಮುಟ್ಟಿದಾಗಿನ ಒರಟುತನ ಮುಂತಾದ ಅರೇಖೀಯ ಗುಣಗಳು ಮಾತ್ರ ಅದರಲ್ಲಿ ಸಿಗುವುದಿಲ್ಲ.

ಯಾಂತ್ರಿಕ ಟ್ಯಾಂಕಿನ ತಯಾರಿಕೆ ನಿಂತಿಲ್ಲ. ಅಕ್ಯುಟ್ರಾನಿಕ್ಸ್‌ನ ವ್ಯವಹಾರ ಕೊರಿಯದ ಬೆಲ್ಟನ್ ಸಂಸ್ಥೆಗೆ ಸೇರಿದ ಮೇಲೂ ಹಳೆಯ ಅಳತೆ ಮತ್ತು ಸಂಕೇತಗಳು ಹಾಗೆಯೇ ಮುಂದುವರಿದಿವೆ. 1960ರ ದಶಕದ ಆಂಪ್ಲಿಫೈಯರಿನ ಟ್ಯಾಂಕ್ ಕೆಟ್ಟರೆ ಅದೇ ಸಂಕೇತದ ಹೊಸ ಟ್ಯಾಂಕನ್ನು ಅದರ ಜಾಗದಲ್ಲಿ ಯಾವ ಮಾರ್ಪಾಡೂ ಇಲ್ಲದೆ ಕೂರಿಸಬಹುದು.